ಗುಂಡೋದರಿಯ ಕೆನ್ನೆಯ ಮೇಲೆ ಎಂಟು ಕಾಲು

ಶಿಲಾಪುರದ ಅರಸ ಧವಳಾಂಗನು ಡಂಗುರ ಸಾರಿಸಿದನು: “ರಾಕ್ಷಸಿ ಗುಂಡೋದರಿಯು ನಮ್ಮ ಮಗಳು ಕನಕಾಂಬೆಯನ್ನು ತನ್ನ ಗವಿಗೆ ಒಯ್ದಿದ್ದಾಳೆ. ರಾಕ್ಷಸಿಯ ಮೂರು ಒಗಟುಗಳನ್ನು ಬಿಡಿಸಿದವನಿಗೆ ನಮ್ಮ ಮಗಳು ಮತ್ತು ಅರ್ಧ ರಾಜ್ಯ. ತಪ್ಪಿದವನು ರಾಕ್ಷಸಿಗೆ ಊಟ. ಸ್ನಾನ ಮಾಡಿ ಬರತಕ್ಕದ್ದು. ಇದು ರಾಕ್ಷಸಿಯ ಷರತ್ತು.”

ಇಬ್ಬರು ಹೊರಟರು: ರಾಜಪುತ್ರ ತರುಣಸೇನ, ಪಂಡಿತ ನಿರ್ಣಯಭಟ್ಟ. ಅವರ ಮುಂದೆ ಪಂಜು ಹಿಡಿದು ನಡೆದವನು ಅರಮನೆಯ ಆಳು ಬೊಮ್ಮಲಿಂಗ.

ಗುಂಡೋದರಿಗೆ ಬೆಳಕು ಆಗದು. ಪಂಜು ಕಂಡೊಡನೆ ಕಣ್ಣು ಮುಚ್ಚಿ ಕೇಳಿದಳು: “ಕತ್ತಲಲ್ಲಿ ಎಂಟು ಕಾಲು ನನ್ನ ಕೆನ್ನೆಯ ಮೇಲೆ ನಡೆಯುತ್ತವೆ; ಗವಿಯನ್ನೆಲ್ಲ ಗುಡಿಸಿದರೂ ಬಲೆಯ ಒಂದು ಎಳೆ ಸಿಗದು. ಯಾರವನು? ಗೋಡೆ ಸವರಿದರೆ ಕೂದಲು. ಉಸಿರು ತಾಗಿದರೆ ಆ ಕೂದಲು ಕುಣಿಯುತ್ತದೆ. ಕಲ್ಲಿಗೆ ಕೂದಲು ಎಲ್ಲಿಂದ ಬಂತು? ಕಳ್ಳನ ಕಾಲು ಹಿಡಿದೆ. ಕಾಲು ಕೈಯಲ್ಲೇ ಉಳಿದು ಮಿಡಿಯಿತು, ಕಳ್ಳ ಹೋದ. ಎಂಥ ಕಳ್ಳ?”

“ಜೇಡ. ಪಾಚಿ. ಹಲ್ಲಿ,” ಎಂದನು ತರುಣಸೇನ.

“ಬಲೆಯಿಲ್ಲ ಎಂದೆ. ಪಾಚಿ ಕುಣಿಯದು. ಹಲ್ಲಿ ಬಿಡುವುದು ಬಾಲ, ಕಾಲಲ್ಲ. ನನ್ನ ಅಡುಗೆಯ ಕೊಪ್ಪರಿಗೆಯಲ್ಲಿ ಕೂತುಕೋ.”

ಪಂಡಿತನು ಗಂಟಲು ಸರಿಪಡಿಸಿಕೊಂಡನು. “ಎಂಟು ಕಾಲೆಂದರೆ ಎಂಟು ದಿಕ್ಕುಗಳು. ಅದು ಹೇಗೆಂದರೆ...”

“ದಿಕ್ಕು ಕಚಗುಳಿ ಇಡುವುದಿಲ್ಲ, ಭಟ್ಟರೇ. ನೀವೂ ಕೂತುಕೊಳ್ಳಿ. ಪಂಜಿನವನೇ, ಈಗ ನೀನು.”

“ನಾನು ಮದುವೆಗೆ ಬಂದವನಲ್ಲ, ತಾಯಿ.”

“ಗವಿಗೆ ಬಂದೆಯಲ್ಲ. ಕೊಪ್ಪರಿಗೆಯಲ್ಲಿ ಇನ್ನೊಬ್ಬನಿಗೆ ಜಾಗವಿದೆ.”

ಬೊಮ್ಮಲಿಂಗನು ಗೋಡೆಯತ್ತ ತಿರುಗಿದನು. “ನೋಡಿ ಹೇಳಬಹುದೇ?”

“ನೋಡಿ ಹೇಳುವುದು ಮೋಸ,” ಎಂದನು ಕೊಪ್ಪರಿಗೆಯೊಳಗಿನ ತರುಣಸೇನ.

“ನೋಡಬಾರದೆಂದು ನಾನು ಹೇಳಿದೆನೇ?” ಎಂದಳು ರಾಕ್ಷಸಿ. “ನಿಮಗೆ ಹೊಳೆಯಲಿಲ್ಲ, ಅಷ್ಟೇ.”

ಬೊಮ್ಮಲಿಂಗನು ಪಂಜನ್ನು ಎತ್ತಿ ಹಿಡಿದನು. ಗೋಡೆಯ ತುಂಬ ಹುಳುಗಳು ಗುಂಪುಗೂಡಿದ್ದವು: ಮೆಣಸಿನ ಕಾಳಿನಷ್ಟು ಮೈ, ಕೂದಲಿನಂಥ ಉದ್ದ ಕಾಲುಗಳು. ಅವನು ಉಸಿರು ಬಿಟ್ಟನು. ಗುಂಪು ಒಟ್ಟಾಗಿ ಕುಣಿಯಿತು. ಒಂದನ್ನು ಹಿಡಿದನು, ಅದು ಕಾಲನ್ನು ಕೊಟ್ಟು ತೋಳಿನ ಮೇಲೆ ಓಡಿಹೋಯಿತು. ಮಿಡಿಯುತ್ತಿದ್ದ ಆ ಕಾಲನ್ನು ಅವನು ರಾಕ್ಷಸಿಯ ಅಂಗೈಯಲ್ಲಿಟ್ಟನು.

“ಮೂರಕ್ಕೂ ಉತ್ತರ ಒಂದೇ, ತಾಯಿ. ಎಂಟು ಕಾಲಿನ ಹುಳು, ಬಲೆ ನೇಯುವುದಿಲ್ಲ. ಕೂದಲೆಂದು ನೀವು ಸವರಿದ್ದು ಇದರ ಕಾಲು. ಹಿಡಿದರೆ ಕಾಲು ಬಿಟ್ಟು ಜೀವ ಉಳಿಸಿಕೊಳ್ಳುತ್ತದೆ.”

“ಹೆಸರು?” ಎಂದನು ಪಂಡಿತ. “ಹೆಸರಿಲ್ಲದ್ದು ಉತ್ತರವಲ್ಲ.”

“ಹೆಸರು ನನಗೆ ತಿಳಿಯದು, ಸ್ವಾಮಿ.”

“ಹೆಸರು ಯಾರಿಗೆ ಬೇಕು?” ಎಂದಳು ಗುಂಡೋದರಿ. ಅವಳ ದನಿ ತಗ್ಗಿತು. “ಕಚ್ಚುತ್ತದೆಯೇ?”

“ನನ್ನ ತೋಳಿನ ಮೇಲೆ ಓಡಿತು. ಕಚ್ಚಲಿಲ್ಲ. ಸ್ವಲ್ಪ ನಾತ ಬಿಟ್ಟಿತು.”

“ಅಷ್ಟೆಯೇ? ಇದಕ್ಕೆ ಹೆದರಿ ನಾನು ನಿದ್ದೆಯನ್ನೇ ಮಾಡಿಲ್ಲಪ್ಪ. ಒಬ್ಬಳೇ ಮಲಗಲಾರದೆ ಈ ಹುಡುಗಿಯನ್ನು ಎತ್ತಿ ತಂದೆ.”

ಹಾಗೆಂದು ಗೋಡೆಗೆ ಒರಗಿದವಳು ಅಲ್ಲೇ ಗೊರಕೆ ಹೊಡೆದಳು. ಕೊಪ್ಪರಿಗೆಯವರು ಸದ್ದಿಲ್ಲದೆ ಇಳಿದರು. ಗವಿಯ ಮೂಲೆಯಲ್ಲಿದ್ದ ಕನಕಾಂಬೆಯೂ ಎದ್ದು ಬಂದಳು; ಬೊಮ್ಮಲಿಂಗನ ಪಂಜಿನ ಹಿಂದೆ ಎಲ್ಲರೂ ಊರಿಗೆ ಮರಳಿದರು.

ಅರಮನೆಯಲ್ಲಿ ಅರಸನು ಪುರೋಹಿತನನ್ನು ಕರೆಸಿದನು. ಕನಕಾಂಬೆ ತಡೆದಳು. “ಅಪ್ಪಾಜಿ, ರಾಕ್ಷಸಿಗೆ ರಾತ್ರಿಯಿಡೀ ಜೋಗುಳ ಹಾಡಿದವಳು ನಾನು. ಮೊದಲು ಮಲಗುತ್ತೇನೆ.”

ಮಲಗಿದಳು. ಎದ್ದಳು. ಬೊಮ್ಮಲಿಂಗನನ್ನು ಕರೆಸಿ ಮಾತನಾಡಿದಳು. ಒಪ್ಪಿದಳು, ಅವನೂ ಒಪ್ಪಿದನು. ಆಮೇಲೆ ಮದುವೆಯಾಯಿತು, ಅರ್ಧ ರಾಜ್ಯವೂ ಬಂತು. ಕ್ರಮವೆಂದರೆ ಇದು.