ಚಮಚಕ್ಕೆ ಬಂದ ಹೂವು

ಚೆಂಗಪ್ಪನ ಮೇಜಿನ ಮೇಲೆ ಇಬ್ಬರಿದ್ದರು. ಒಂದು, ಖಾಲಿ ತೋಟಾಗಳಿಗೆ ಮರಳಿ ಗುಂಡು ಒತ್ತುವ ವಿದೇಶಿ ಪ್ರೆಸ್ಸು. ಬೋಲ್ಟು ಬಿಗಿದು ಕೂರಿಸಿದ್ದು. ಇನ್ನೊಂದು, ತೋಟಾಕ್ಕೆ ತುಂಬುವ ಕೋವಿಮದ್ದು ಅಳೆಯುವ ಚಮಚ. ಹಳೇ ತೋಟಾ ಕತ್ತರಿಸಿ, ತಂತಿಯ ಹಿಡಿ ಬೆಸೆದು ಚೆಂಗಪ್ಪನೇ ಮಾಡಿಕೊಂಡದ್ದು.

ಕೊಡಗಿನಲ್ಲಿ ಕೋವಿಗೆ ಪೂಜೆ ಸಲ್ಲುವ ಕೈಲ್ ಮುಹೂರ್ತದ ದಿನ ಚೆಂಗಪ್ಪ ಕೋವಿಗೊಂದು ಹೂವಿಟ್ಟ, ಚಮಚಕ್ಕೊಂದು ಇಟ್ಟ. ಅಲ್ಲಿಗೆ ಹೂವು ಮುಗಿಯಿತು.

ಪ್ರೆಸ್ಸಿಗೆ ಹೊಟ್ಟೆ ಉರಿಯಿತು. "ಎಲೈ ಹಿತ್ತಾಳೆ ಚೂರೇ, ದುಡಿತ ನನ್ನದು, ಹೂವು ನಿನ್ನದೋ?"

"ನಾನು ಕೇಳಿ ಪಡೆದದ್ದಲ್ಲ. ಬೇಕಾದರೆ ನೀವೇ ಮುಡಿದುಕೊಳ್ಳಿ," ಎಂದಿತು ಚಮಚ.

ಆ ವಿನಯ ಪ್ರೆಸ್ಸನ್ನು ಇನ್ನಷ್ಟು ಸುಟ್ಟಿತು. ಮರುದಿನದ ತೆಂಗಿನಕಾಯಿ ಹೊಡೆಯುವ ಪಂದ್ಯಕ್ಕೆ ತೋಟಾ ತುಂಬಲು ಚೆಂಗಪ್ಪ ಕೂತು ಪ್ರೆಸ್ಸಿನ ಹಿಡಿ ಎಳೆದೊಡನೆ, ಅದು ಬೇಕೆಂದೇ ಮೇಜು ಅದುರುವಂತೆ ಜಗ್ಗಿತು. ಚಮಚ ಉರುಳಿ ಮೇಜಿನ ಹಿಂದಿನ ಸಂದಿಗೆ ಬಿತ್ತು. ಹೂವು ಮಾತ್ರ ಮೇಲೆ ಉಳಿಯಿತು.

ಚೆಂಗಪ್ಪ ಮನೆಯೆಲ್ಲ ಹುಡುಕಿದ. "ಕಣ್ಣಂದಾಜಿನಲ್ಲಿ ಹಾಕಿಬಿಡಿ," ಎಂದಳು ಹೆಂಡತಿ ಬೊಳ್ಳಮ್ಮ.

"ಮದ್ದು ಚಿಟಿಕೆ ಹೆಚ್ಚಾದರೆ ಕೋವಿಯ ಜೊತೆ ಕೈಯೂ ಹೋದೀತು," ಎಂದ ಚೆಂಗಪ್ಪ, ಪ್ರೆಸ್ಸಿನ ಮೇಲೆ ಗೋಣಿಚೀಲ ಮುಚ್ಚಿ ಎದ್ದುಹೋದ.

ಗೋಣಿಯೊಳಗಿಂದ ಪ್ರೆಸ್ಸು ಗೋಗರೆಯಿತು. "ಚಮಚವೇ, ಎಲ್ಲಿದ್ದೀಯೆ? ನೀನಿಲ್ಲದೆ ನನಗೆ ಕೆಲಸವಿಲ್ಲ."

"ನಿಮ್ಮ ಕಾಲಬುಡದಲ್ಲೇ ಇದ್ದೇನೆ. ಸ್ವಲ್ಪ ಬಗ್ಗಿ ಎತ್ತಿಕೊಳ್ಳಿ."

ಹುಟ್ಟಿದಂದಿನಿಂದ ಪ್ರೆಸ್ಸಿಗೆ ಒತ್ತುವುದು ಗೊತ್ತಿತ್ತು, ಬಗ್ಗುವುದು ಗೊತ್ತಿರಲಿಲ್ಲ.