ಹನ್ನೊಂದು ಅಡಿಗಲ್ಲು

ಹರವಿಕೋಟೆಯ ಅರಸು ಉಗ್ರನಾಯಕನಿಗೆ ಅಡಿಗಲ್ಲು ಹಾಕುವುದೆಂದರೆ ಹೋಳಿಗೆ ಊಟಕ್ಕಿಂತ ಹೆಚ್ಚು. ಒಂದು ದಿನ ಸಭೆಯಲ್ಲಿ ಮೀಸೆ ನೀವಿಕೊಂಡು ಹೇಳಿದ:

“ಹಳ್ಳಿಗಳ ಉದ್ಧಾರಕ್ಕೆ ಇದುವರೆಗೆ ನೂರೆಂಟು ಅಡಿಗಲ್ಲು ಹಾಕಿದ್ದೇವೆ. ಇಂಥ ದೊರೆ ಇನ್ನೊಬ್ಬನಿದ್ದರೆ ತೋರಿಸಿ.”

ಯಾರೂ ತೋರಿಸಲಿಲ್ಲ. ಆ ಕಲ್ಲುಗಳ ಮೇಲೆ ಎದ್ದ ಕಟ್ಟಡ ತೋರಿಸಿ ಎಂದಿದ್ದರೂ ಯಾರೂ ತೋರಿಸುತ್ತಿರಲಿಲ್ಲ. ಒಂದೂ ಎದ್ದಿರಲಿಲ್ಲ. ಒಂದರ ಮೇಲೆ ಮಾತ್ರ ಆಳೆತ್ತರದ ಹುತ್ತ ಎದ್ದಿತ್ತಂತೆ.

ಅರಸನ ಪಕ್ಕದಲ್ಲಿ ನಿಂತು ಎಲೆಯಡಿಕೆ ಮಡಿಚಿಕೊಡುವವನು ಓಬಯ್ಯ. ಬಾಯಿಗೆ ಎಲೆ, ಕಿವಿಗೆ ಮಾತು, ಎರಡನ್ನೂ ಹದ ನೋಡಿ ಕೊಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಅಷ್ಟರಲ್ಲಿ ಕೆಳಗಿನಹಟ್ಟಿಯ ಸೂಲಗಿತ್ತಿ ಚನ್ನಬೀರವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಬುದ್ಧಿ, ನಮ್ಮೂರ ನಡುವೆ ಹುಚ್ಚಹಳ್ಳ ಹರೀತದೆ. ಹೋದ ಮಳೆಗಾಲ ಈಚೆ ದಡದಲ್ಲಿ ನಾನು, ಆಚೆ ದಡದಲ್ಲಿ ಬಸುರಿ. ಈಚೆಯಿಂದಲೇ ಕೂಗಿ ಕೂಗಿ ಹೆರಿಗೆ ಮಾಡಿಸಿದೆ.”

“ಮಗು?” ಎಂದ ಅರಸ.

“ಚೆನ್ನಾಗಿದೆ. ಕೂಗಿ ಕರೆದರೆ ಮಾತ್ರ ತಿರುಗಿ ನೋಡ್ತದೆ.”

ಸಭೆ ನಕ್ಕಿತು. ಚನ್ನಬೀರವ್ವ ನಗಲಿಲ್ಲ.

“ಎಲ್ಲ ಸಲವೂ ಕೂಗಿದರೆ ಆಗಲ್ಲ ಬುದ್ಧಿ. ಈ ಮಳೆಗೆ ನಾಲ್ವರು ಬಸುರಿಯರಿದ್ದಾರೆ. ಆಚೆ ದಡದ ಒಬ್ಬಳಿಗೆ ಅವಳಿ, ಒಂದು ಕೂಸು ಅಡ್ಡ ತಿರುಗಿದೆ. ಊರವರೇ ಸಂಘ ಕಟ್ಟಿಕೊಂಡು, ಕಾಡುಗಲ್ಲು ಹೊತ್ತು, ಹಳ್ಳದಲ್ಲಿ ಕಂಬ ಎಬ್ಬಿಸಿದ್ದೇವೆ. ಕೂಲಿ ಬೇಡ. ಮೇಲೆ ಹಾಸೋಕೆ ಹನ್ನೊಂದು ಚಪ್ಪಡಿ ಕೊಡಿಸಿ. ಆಳುದ್ದ, ಎರಡು ಮೊಳ ಅಗಲ.”

ಬೊಕ್ಕಸದ ಅಧಿಕಾರಿ ಶೇಷಗಿರಿಯಪ್ಪ ಕಡತ ತಿರುವಿದ. “ಕಟ್ಟುವ ಬಾಬ್ತಿನಲ್ಲಿ ಬಿಡಿಗಾಸಿಲ್ಲ ಮಹಾಸ್ವಾಮಿ. ಅಡಿಗಲ್ಲಿನ ಬಾಬ್ತಿನಲ್ಲಿ ಬೇಕಾದಷ್ಟಿದೆ. ಅದನ್ನು ಇದಕ್ಕೆ ಹಾಕುವಂತಿಲ್ಲ.”

“ಹಾಗಾದರೆ ಒಂದು ಅಡಿಗಲ್ಲು ಹಾಕಿಯೇ ಬಿಡೋಣ,” ಎಂದ ಅರಸ, ಉತ್ಸಾಹದಿಂದ.

“ಅದನ್ನ ಇಟ್ಟುಕೊಂಡು ನಾನೇನು ಮಾಡ್ಲಿ ಬುದ್ಧಿ?”

“ಕುಂಕುಮ ಹಚ್ಚು.”

ಓಬಯ್ಯನ ಕೈಯಲ್ಲಿ ಎಲೆ ಅರ್ಧ ಮಡಿಚಿದ್ದು ಹಾಗೇ ನಿಂತಿತು.

“ಅಪ್ಪಣೆಯಾದರೆ ಒಂದು ಮಾತು. ಬುದ್ಧಿಯವರ ಬಿರುದು ಹದಿನೇಳು, ನಮ್ಮ ಅಡಿಗಲ್ಲು ಮೊಳದುದ್ದ. ಮೊನ್ನೆ ಕಲ್ಲುಕುಟಿಗ ‘ವೈರಿಗಳ ತಲೆ ಕಡಿದ ಧೀರ’ ಅಂತ ಕೆತ್ತೋಕೆ ಹೊರಟು, ‘ತಲೆ ಕಡಿ’ ಅನ್ನೋಷ್ಟರಲ್ಲಿ ಜಾಗ ಮುಗಿದು ಎದ್ದು ಹೋಗಿದ್ದಾನೆ. ಊರವರು ಅದನ್ನು ರಾಜಾಜ್ಞೆ ಅಂದುಕೊಂಡು ಗಂಟುಮೂಟೆ ಕಟ್ತಿದ್ದಾರೆ.”

ಅರಸ ಹೌಹಾರಿದ. “ಎಷ್ಟು ದೊಡ್ಡ ಕಲ್ಲು ಬೇಕೋ?”

“ಆಳುದ್ದ ಇರಲಿ. ಅಗಲ ಎರಡು ಮೊಳ.”

ಚನ್ನಬೀರವ್ವ ತಲೆಯೆತ್ತಿ ಓಬಯ್ಯನನ್ನು ನೋಡಿದಳು. ಓಬಯ್ಯ ಅಡಿಕೆ ನೋಡುತ್ತಿದ್ದ.

“ಮತ್ತೆ ಒಂದೇ ಯಾಕೆ ಬುದ್ಧಿ? ಒಂದೇ ದಿನ ಒಂದೇ ಊರಲ್ಲಿ ಹನ್ನೊಂದು ಅಡಿಗಲ್ಲು ಹಾಕಿದ ದೊರೆ ಹುಟ್ಟಿಯೇ ಇಲ್ಲ. ಸೇತುವೆ, ಛತ್ರ, ಹೆರಿಗೆಮನೆ, ಗರಡಿಮನೆ, ಆನೆಲಾಯ...”

“ಕೆಳಗಿನಹಟ್ಟಿಯಲ್ಲಿ ಆನೆ ಎಲ್ಲಿದೆ?” ಎಂದ ಶೇಷಗಿರಿಯಪ್ಪ.

“ಲಾಯ ಕಟ್ಟಿದರೆ ತಾನೇ ಸ್ವಾಮಿ ಆನೆ ಬೇಕಾಗೋದು?”

ಶೇಷಗಿರಿಯಪ್ಪನಿಗೆ ಇದು ನ್ಯಾಯವೆನಿಸಿತು. ಬರೆದುಕೊಂಡ.

ಹನ್ನೊಂದು ಗಾಡಿಗಳಲ್ಲಿ ಹನ್ನೊಂದು ಕಲ್ಲು ಬಂದವು. ಓಲಗ ಊದಿಸಿ, ಕಾಯಿ ಒಡೆಸಿ, ಅರಸ ಹನ್ನೊಂದು ಕಡೆ ಬೆಳ್ಳಿ ಕರಣೆ ಆಡಿಸಿದ. ಸಂಜೆಗೆ ಸೊಂಟ ಹಿಡಿದುಕೊಂಡು ಪಲ್ಲಕ್ಕಿ ಏರಿದ. ಓಬಯ್ಯ ಮಾತ್ರ ಹಿಂದೆ ಉಳಿದ.

“ದೊರೆ ಹಾಕಿದ ಕಲ್ಲು ಕಿತ್ತವರ ತಲೆ ಉಳಿಯಲ್ಲ ಅಂತಾರಲ್ಲಪ್ಪ,” ಎಂದಳು ಚನ್ನಬೀರವ್ವ.

“ಕೇಳಿದರೆ ಓಬಯ್ಯ ಕೀಳಿಸಿದ ಅನ್ನು.”

“ಆಮೇಲೆ ನಿನ್ನ ತಲೆ?”

“ಎಲೆ ಮಡಿಚೋಕೆ ಕೈಯಿದ್ದರೆ ಸಾಕವ್ವ.”

ಹಾಗೆ ಹೇಳುವುದೇನೋ ಹೇಳಿದ. ದಾರಿಯುದ್ದಕ್ಕೂ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಲೇ ಕೋಟೆ ಸೇರಿದ.

ಮಳೆ ಹಿಡಿಯಿತು. ಅಡಿಗಲ್ಲು ಮಾಯವಾದ ಸುದ್ದಿಯನ್ನು ಶೇಷಗಿರಿಯಪ್ಪ ಅರಸನ ಕಿವಿಗೆ ಹಾಕಿದ. ಉಗ್ರನಾಯಕ ಕೊಡೆ ಹಿಡಿಸಿಕೊಂಡು, ಅವನನ್ನೂ ಓಬಯ್ಯನನ್ನೂ ಎಳೆದುಕೊಂಡು ಕೆಳಗಿನಹಟ್ಟಿಗೆ ಬಂದ.

ಹುಚ್ಚಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಅದರ ಮೇಲೆ, ಕಂಬದಿಂದ ಕಂಬಕ್ಕೆ, ಹನ್ನೊಂದು ಅಡಿಗಲ್ಲು ಸಾಲಾಗಿ ಮಲಗಿದ್ದವು. ಚನ್ನಬೀರವ್ವ ಕಂಕುಳಲ್ಲಿ ಗಂಟು ಇರುಕಿಕೊಂಡು ಆಚೆಯಿಂದ ಬರಿಗಾಲಲ್ಲಿ ನಡೆದು ಬರುತ್ತಿದ್ದಳು.

“ಕೀಳಿಸಿ ಅದನ್ನ,” ಅರಸ ಗುಡುಗಿದ.

ಶೇಷಗಿರಿಯಪ್ಪ ಕೆಮ್ಮಿದ. “ಕೀಳಿಸುವುದಕ್ಕೆ ಬಾಬ್ತೇ ಇಲ್ಲ ಮಹಾಸ್ವಾಮಿ.”

“ಹಾಗಾದರೆ ಕಿತ್ತವನ ತಲೆ ತೆಗೆಸಿ. ಯಾರವನು?”

“ನಾನೇ ಬುದ್ಧಿ,” ಎಂದ ಓಬಯ್ಯ.

ಚನ್ನಬೀರವ್ವ ದಡಕ್ಕೆ ಬಂದವಳೇ ಕೈಮುಗಿದಳು. “ಅವಳಿ ಹುಟ್ಟಿದವು ಬುದ್ಧಿ. ಬೆಳಗಿನ ಜಾವ. ಅಡ್ಡ ತಿರುಗಿದ್ದನ್ನು ಕೈಯಿಂದಲೇ ನೆಟ್ಟಗೆ ಮಾಡಿದೆ. ಮೂವರೂ ಸುಖವಾಗಿದ್ದಾರೆ.”

ಅರಸನ ದನಿ ಅರ್ಧ ಇಳಿಯಿತು. ಅಭಿಮಾನ ಇಳಿಯಲಿಲ್ಲ. “ಅದು ಸರಿ. ಆದರೆ ನನ್ನ ಹದಿನೇಳು ಬಿರುದನ್ನೂ ಊರಿಗೆ ಊರೇ ತುಳೀತಿದೆಯಲ್ಲೋ ಓಬಯ್ಯ. ಕಡೇಪಕ್ಷ ಅಕ್ಷರ ಕೆಳಗೆ ಮಾಡಿ ಹಾಸಬಾರದಿತ್ತೇ?”

“ನುಣ್ಣನೆಯ ಮೈ ಮೇಲೆ ಬಂದರೆ ಮಳೆಯಲ್ಲಿ ಜಾರ್ತದೆ ಬುದ್ಧಿ. ಅಕ್ಷರದ ಕಡೆ ಬೆರಳು ಕಚ್ಚಿ ನಿಲ್ತದೆ. ತುಂಬಿದ ಬಸುರಿ ಸಹ ‘ಗಂಡರ ಗಂಡ’ದಲ್ಲಿ ಒಂದು ಕಾಲು, ‘ರಣಭೈರವ’ದಲ್ಲಿ ಇನ್ನೊಂದು ಕಾಲು ಊರಿ ದಾಟ್ತಾಳೆ. ಬುದ್ಧಿಯವರ ಬಿರುದು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಇದೇ ಮೊದಲು.”

ಶೇಷಗಿರಿಯಪ್ಪ ಕಣ್ಣು ಮುಚ್ಚಿಕೊಂಡ. ಅರಸನ ಮೀಸೆ ಒಮ್ಮೆ ಕುಣಿಯಿತು, ಆಮೇಲೆ ಹೊಟ್ಟೆ ಕುಣಿಯಿತು. ನಕ್ಕು ನಕ್ಕು ಕೊಡೆ ಹಿಡಿದವನ ಹೆಗಲಿಗೆ ಒರಗಿದ. ಆಮೇಲೆ ಪಾದರಕ್ಷೆ ಬಿಟ್ಟು, ತನ್ನ ಬಿರುದುಗಳ ಮೇಲೆ ತಾನೇ ಬೆರಳೂರಿ, ಆಚೆ ದಡದವರೆಗೂ ಹೋಗಿ, ಕೂಸುಗಳನ್ನು ನೋಡಿ, ಎರಡಕ್ಕೂ ಕೊರಳ ಸರ ಹಾಕಿ ಬಂದ.

“ಓಬಯ್ಯ, ಒಂದೇ ಒಂದು ಸಲವೂ ಜಾರಲಿಲ್ಲ ಕಣೋ,” ಎಂದ, ಎಳೆಮಗುವಿನ ಹಾಗೆ. “ಇನ್ನೂ ಒಂದೆರಡು ಬಿರುದು ಸೇರಿಸಿಕೊಂಡರೆ ಹೇಗೆ?”

“ನಾಲ್ಕು ಸೇರಿಸಿಕೊಳ್ಳಿ ಬುದ್ಧಿ, ಒಂದೊಂದಕ್ಕೂ ಒಂದೊಂದು ಅಡಿಗಲ್ಲು,” ಎಂದ ಓಬಯ್ಯ. “ದಡಕ್ಕೆ ಇಳಿಯೋಕೆ ಮೆಟ್ಟಿಲಿಲ್ಲ.”