ಗೀರು ಬಿದ್ದ ಲೆನ್ಸು

ಸ್ಟುಡಿಯೊದ ಕಪಾಟಿನಲ್ಲಿ ಎರಡು ಲೆನ್ಸುಗಳಿದ್ದವು. ಒಂದರ ಮುಖದ ಮೇಲೆ ಗೀರು ಬಿದ್ದಿತ್ತು. ಇನ್ನೊಂದು ಹೊರಗಿನಿಂದ ಥಳಥಳ ಹೊಳೆಯುತ್ತಿತ್ತು.

"ಗೀರಣ್ಣಾ, ನೀನು ತೆಗೆದ ಚಿತ್ರದಲ್ಲೆಲ್ಲ ಗೀರೇ ಕಾಣುತ್ತದಲ್ಲವೇ?" ಎಂದು ಹೊಳೆಯುವ ಲೆನ್ಸು ಕೇಳಿತು.

"ನನಗೂ ತಿಳಿಯದು. ಪರೀಕ್ಷಿಸಿಯೇ ನೋಡೋಣ" ಎಂದಿತು ಗೀರಿನ ಲೆನ್ಸು.

ನೀಲವ್ವಜ್ಜಿ ಫೋಟೊ ತೆಗೆಸಲು ಬಂದಾಗ ಕ್ಯಾಮೆರಾ ಎರಡನ್ನೂ ಒಂದಾದ ಮೇಲೊಂದು ತೊಟ್ಟು ನೋಡಿತು. ಗೀರಿನ ಲೆನ್ಸಿನ ಚಿತ್ರದಲ್ಲಿ ಅಜ್ಜಿಯ ಮೂಗುಬೊಟ್ಟಿನ ಹರಳೂ ಸ್ಪಷ್ಟವಾಗಿತ್ತು. ಗೀರಿನ ಸುಳಿವೇ ಇರಲಿಲ್ಲ. ಇನ್ನೊಂದರಲ್ಲಿ ಅಜ್ಜಿ ಮಂಜಿನೊಳಗೆ ಕುಳಿತಂತಿದ್ದಳು.

"ಇದು ನನ್ನ ಚಿತ್ರವೇ?" ಹೊಳೆಯುವ ಲೆನ್ಸು ಬೆರಗಾಯಿತು.

"ಹೊರಗಿನ ಸಣ್ಣ ಗೀರು ಬೆಳಕನ್ನು ಅಷ್ಟಾಗಿ ತಡೆಯದು. ನಿನ್ನ ಒಳಗಾಜಿನ ತುಂಬ ಬೂಷ್ಟು ಹಿಡಿದಿದೆ" ಎಂದಿತು ಕ್ಯಾಮೆರಾ.

ಹೊಳೆಯುವ ಲೆನ್ಸು ಆ ಮಂಜು ಮಂಜಾದ ಚಿತ್ರವನ್ನು ಮತ್ತೊಮ್ಮೆ ನೋಡಿತು.

"ಹಾಗಾದರೆ ನನ್ನನ್ನು ಬಿಚ್ಚಿಸು. ಒಳಗೆ ಏನಿದೆಯೆಂದು ನಾನೂ ನೋಡಬೇಕು" ಎಂದಿತು.